ಕತ್ತಿಗೂ ಮುಂಚಿನ ನೀರು

"ಹಲೋ… ಹಾಂ, ಹಲೋ… ಯಾರ್ರಿ ಮಾತಾಡೋದು? ಜೋರಾಗಿ ಮಾತಾಡ್ರಿ, ಇಲ್ಲಿ ಪಾತ್ರಿ ಸಪ್ಪಳ…"

ಗುಡೇಕೋಟೆಯ ಶಾಲೆಯ ಮಕ್ಕಳು ಉಂಡು ಎದ್ದು ಹೋಗಿದ್ದರು. ಜೋಗಮ್ಮ ಅಡುಗೆಮನೆಯ ಹಿಂದೆ ಸಾರಿನ ಹಂಡೆಯೊಳಗೆ ಅರ್ಧ ಮೈ ಇಳಿಸಿ ತಳ ಉಜ್ಜುತ್ತಿದ್ದಳು. ಕೈಯೆಲ್ಲ ಬೂದಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹಂಡೆಯಿಂದ ತಲೆ ಹೊರಗೆ ತೆಗೆದಳು. ಅವಳ ಜೊತೆ ಅಡುಗೆ ಮಾಡುವ ಪಕ್ಕೀರಮ್ಮ ಅಲ್ಲೇ ನಾಳೆಯ ಅಕ್ಕಿ ಆರಿಸುತ್ತಿದ್ದವಳು, ತಲೆಯನ್ನು ಮೊರದ ಮೇಲೆ ಬಗ್ಗಿಸಿ ಕಿವಿಯನ್ನು ಮಾತ್ರ ಇತ್ತ ಕಳಿಸಿದಳು. ಆ ವಿದ್ಯೆ ಆಕೆಗೆ ಚೆನ್ನಾಗಿ ಬರುತ್ತಿತ್ತು.

"ಹಾಂ, ನಾನೇ ಜೋಗಮ್ಮ. ಕ್ರಾಂತಿ ಅವ್ವ… ಅಮೃತಾ? ಯಾವ ಅಮೃತಾ?… ವಕೀಲರ ಆಫೀಸಿನಾಕಿನಾ? ಹೇಳವ್ವಾ ಹೇಳು. ತಾರೀಖು ಬಂತೇನು?"

"… ಏನಂದಿ? ಇನ್ನೊಂದ್ಸಲ ಹೇಳು. ಯಾರ ಕಡಿ ವಕೀಲ್ರು?… ದುರುಗಪ್ಪನ ಕಡಿಯಾ?"

ಕೈಯಲ್ಲಿದ್ದ ತೆಂಗಿನ ನಾರು ಹಂಡೆಯೊಳಗೆ ಬಿತ್ತು.

"ನನ್ನ ಮಗನ ಕುತ್ತಿಗಿ ಕೊಯ್ದವನ ಕಡಿಯಿಂದ ನನಗ ಫೋನ್ ಮಾಡೀ ಏನು? ನಿನ್ನ ನಾಲಿಗಿ ಹ್ಯಾಂಗ ಹೊಳ್ಳಿತವ್ವಾ ನನ್ನ ಹೆಸ್ರು ಹಿಡಿದು ಕರಿಯಾಕ? ಇಡು ಫೋನು. ಇಡಂತೀನಿ!"

ಹೇಳಿದ್ದಷ್ಟೇ, ತಾನು ಮಾತ್ರ ಇಡಲಿಲ್ಲ. ಜೋಗಮ್ಮನ ಸಿಟ್ಟು ಹಾಗೆಯೇ. ಎದುರಿನವರು ಓಡಿಹೋದರೆ ಅದಕ್ಕೆ ಊಟವಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ದುರುಗಪ್ಪನ ಮುಖಕ್ಕೆ ಚಪ್ಪಲಿಯಲ್ಲಿ ಬಾರಿಸಿದ ಕೈ ಅದು. ಅವನ ತುಟಿ ಹರಿದು ರಕ್ತ ಅಂಗಿಯ ಮೇಲೆ ಇಳಿದಾಗ, ಇಬ್ಬರು ಪೊಲೀಸರು ಅವಳನ್ನು ಎಳೆದುಕೊಂಡು ಹೋಗಿದ್ದರು. ಅವನು ಮುಖ ಪಕ್ಕಕ್ಕೆ ತಿರುಗಿಸಿರಲಿಲ್ಲ. ಅದು ಅವಳ ಹೊಟ್ಟೆಯನ್ನು ಇನ್ನಷ್ಟು ಉರಿಸಿತ್ತು.

"… ಹಾಂ, ಗೊತ್ತೈತಿ ಗಲ್ಲು ಅಂದಾರಂತ. ಅವತ್ತು ನಾ ಕೇರಿಗೆಲ್ಲ ಸಕ್ಕರಿ ಹಂಚೀನಿ… ಮ್ಯಾಲಿನ ಕೋರ್ಟು ಖಾಯಂ ಮಾಡಬೇಕಾ? ಮಾಡ್ಲಿ. ನಾ ಬ್ಯಾಡ ಅಂದೀನೇನು?"

"… ವರದಿ? ಯಾರ್ದು, ಅವನ್ದಾ? ಹುಟ್ಟಿದ್ದು, ಬೆಳೆದದ್ದು, ಉಂಡದ್ದು, ಎಲ್ಲಾ ಬರದು, ಗಲ್ಲು ತಪ್ಪಸಾಕ ಕೋರ್ಟಿಗೆ ಕೊಡ್ತಿಯಾ? ನನ್ನ ಮಗ ಹ್ಯಾಂಗ ಬೆಳದ ಅಂತ ಯಾರರ ಬರದ್ರೇನವ್ವಾ?"

"… ನನ್ಯಾಕ ಕೇಳ್ತಿ? ನಾನೇನು ಅವನ್ನ ಹಡದೀನೇನು?… ಅವಂಗ ಯಾರೂ ಇಲ್ಲ, ಖರೆ. ಅವನವ್ವ ಸತ್ತು ಎಷ್ಟೋ ವರ್ಷಾತು, ಅಪ್ಪನೂ ಹೋದ. ಕೇರ್ಯಾಗ ಕೇಳು ಹೋಗು… ಬಂದಿದ್ಯಾ? ಯಾರೂ ಬಾಯಿ ಬಿಡ್ಲಿಲ್ಲಾ? ಹ್ಯಾಂಗ ಬಿಡ್ತಾರ! ಕೊಂದವನೂ ನಮ್ಮ ಕೇರಿಯವ, ಸತ್ತವನೂ ನಮ್ಮ ಕೇರಿಯವ."

"… ಏನು?… ಅವನೇ ನನ್ನ ಹೆಸ್ರು ಹೇಳಿದ್ನಾ? ಜೈಲಿನಾಗ ಕುಂತು, 'ಜೋಗಮ್ಮ ಚಿಗವ್ವನ್ನ ಕೇಳ್ರಿ' ಅಂದ್ನಾ?"

ಪಕ್ಕೀರಮ್ಮನ ಮೊರ ನಿಂತುಬಿಟ್ಟಿತು. ಜೋಗಮ್ಮ ಹಂಡೆಯ ಅಂಚಿನ ಮೇಲೆ ಕೂತಳು. ಸ್ವಂತ ಚಿಕ್ಕಮ್ಮನಂತೆ ಚಿಗವ್ವ ಎಂದು ಕರೆಯುತ್ತಿದ್ದ ಆ ಮಾತು ಎದೆಯಲ್ಲಿ ಎಲ್ಲೋ ಹೋಗಿ ಚುಚ್ಚಿತು. ಚುಚ್ಚಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು, ಆ ಸಿಟ್ಟೆಲ್ಲ ಫೋನಿನೊಳಗೆ ಹೋಯಿತು.

"ಹೇಳ್ತೀನಿ ಬರ್ಕೋ ಹಂಗಾರ. ನಾ ನೋಡಿದ್ದು ಬರ್ಕೋ. ದವಾಖಾನಿಯಾಗ ಬಿಳಿ ಬಟ್ಟಿ ಸುತ್ತಿ ಕೊಟ್ರು. ಬಿಚ್ಚಬ್ಯಾಡ ಅಂದ್ರು. ನಾ ಬಿಚ್ಚೀನಿ. ನನ್ನ ಮಗ ಕಂಡಕ್ಟರು, ಕೂಡ್ಲಿಗಿ ಡಿಪೋದವ. ಟಿಕೀಟು ಕೊಡೋ ಬಲಗೈ ಬೆರಳು ಒಂದೂ ನೆಟ್ಟಗಿರ್ಲಿಲ್ಲ. ಒಂದೊಂದೇ ಕಲ್ಲಿನ ಮ್ಯಾಲಿಟ್ಟು ಕೊಡ್ಲಿ ಹಿಂಬದಿಲೆ ಜಜ್ಜ್ಯಾರ. ಮಣಕಾಲ ಚಿಪ್ಪು ಚರ್ಮದೊಳಗ ಗಲಗಲ ಅಂತಿತ್ತು, ಕಬ್ಬಿಣದ ಹಾರೀಲೆ ಒಡದಾರ. ಹಲ್ಲು ಗಂಟಲಿಗೆ ಇಳಿದಿದ್ವು. ಒಂದು ಕಣ್ಣು… ಬ್ಯಾಡ. ಬರ್ಕೊಂಡ್ಯಾ?"

"… ಅಳಬ್ಯಾಡ. ನೀ ಅತ್ರ ನಾ ಹ್ಯಾಂಗ ಹೇಳ್ಲಿ? ಕೇಳು. ಹೊತ್ತು ಇಳಿಯೋಕ ಮುಂಚೆ ಹಿಡದಾರ, ಹೊತ್ತು ಮುಳುಗೋತನ ಹೊಡದಾರ. ಅವನು ಅರಚಿದ್ದು ಕೇರಿಗೆ ಕೇಳ್ಸೈತಿ. ನಮ್ಮ ಕಡಿ ಕರಡಿ ಕಾಟ, ಗುಡ್ಡದಾಗ ಯಾವುದೋ ಕರಡಿ ಯಾರನ್ನೋ ಹಿಡದೈತಿ ಅಂತ ಮಂದಿ ಬಾಗಲಾ ಹಾಕ್ಕೊಂಡ್ರು. ನಾನೂ ಹಾಕ್ಕೊಂಡೆ! ನನ್ನ ಮಗನ ದನಿ ನನಗ ಕರಡಿ ಬಾಯಾಗಿನ ದನಿ ಅನ್ನಿಸ್ತು. ಮನುಷ್ಯರ ಕೈಯಾಗಿಂದು ಅನ್ನಿಸ್ಲಿಲ್ಲ."

ಇಷ್ಟಕ್ಕೂ ಕ್ರಾಂತಿ ಮಾಡಿದ್ದು ಏನು ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೂಡ್ಲಿಗಿಯ ಕಾಲೇಜಿಗೆ ಅವನ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಶಿವಲೀಲಾ ಎಂಬ ಹುಡುಗಿಯನ್ನು ಇಷ್ಟಪಟ್ಟಿದ್ದ. ಅವಳೂ ಅವನನ್ನು ಇಷ್ಟಪಟ್ಟಿದ್ದಳು. ಹುಡುಗಿಯ ಅಣ್ಣಂದಿರು ಹಂಪೇಶ, ಸೋಮಶೇಖರ. ಗುಡ್ಡದ ಕೆಳಗೆ ದೊಡ್ಡ ಶೇಂಗಾ ಹೊಲ, ಹೊಲದಲ್ಲಿ ತಗಡಿನ ಮನೆ. ತಂಗಿಯನ್ನು ಆ ಮನೆಯೊಳಗೆ ಕೂಡಿಹಾಕಿ, ಕಾಣಲಿ ಎಂದು ಕಿಟಕಿ ತೆರೆದಿಟ್ಟು, ಹುಡುಗನನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿದ್ದರು.

"… ಹೌದು, ಅವರಿಬ್ರಿಗೂ ಶಿಕ್ಷಾ ಆತು. ಜೀವಾವಧಿ. ಈಗೆಲ್ಲಿ ಅದಾರ ಗೊತ್ತೇನು? ಅಪೀಲು ಹಾಕಿ ಜಾಮೀನಿನ ಮ್ಯಾಲ ಹೊರಗ! ಹೋದ ಸಂತಿಗೆ ಕೊಟ್ಟೂರಿಗೆ ಹೋಗಿದ್ದೆ. ಹಂಪೇಶ ಹೋಟ್ಲು ಮುಂದ ನಿಂತು ಮಿರ್ಚಿ ತಿನ್ನಾಕತ್ತಿದ್ದ. ನನ್ನ ನೋಡಿ ಬಾಯಿ ಒರಸ್ಕೊಂಡ. ನನ್ನ ಕೈಯಾಗ ಏನಾರ ಇದ್ದಿದ್ರ ಅಲ್ಲೇ ಅವನ ಹೊಟ್ಟಿ ಬಗೀತಿದ್ದೆ ತಂಗಿ, ದೇವ್ರಾಣಿ."

"… ಯಾಕ ಅವರಿಗೆ ಹಗ್ಗ ಇಲ್ಲ? ಜಡ್ಜ್ ಏನು ಬರದಾರ? ಓದು… ಹಾಂ… ತಂಗಿ ವಿಷಯಕ್ಕ ಸಿಟ್ಟು ತಡಕೊಳ್ಳಾಕ ಆಗಿಲ್ಲ… ಹಾಂ… ಹಿಂದಕ ಯಾವ ಕೇಸೂ ಇಲ್ಲ… ಮನ್ಯಾಗ ವಯಸ್ಸಾದ ತಾಯಿ… ತಾಯಿ ಅದಾಳಂತ ಅವರನ್ನ ಉಳಿಸ್ಯಾರ, ಇವಂಗ ತಾಯಿ ಇಲ್ಲಂತ ಹಗ್ಗ ಹಾಕ್ಯಾರ. ಹಂಗ ಅಲ್ವಾ? ಮತ್ತ ನಾ ಯಾರ ತಾಯಿ?"

"… ಅವನ್ದು ಓದು… ಸಿಟ್ಟಿಲ್ದ, ದ್ವೇಷ ಇಲ್ದ, ಕೂಲಿಗೆ ಕೊಂದಾನ. ಖರೆ… ಪ್ರಾಣ ತೆಗದ ಗಾಯ ಕುತ್ತಿಗೇದು ಒಂದೇ. ಹೌದು, ಒಂದೇ ಗೀರು, ನಾ ನೋಡೀನಿ… ಮನಿಯಿಂದಾನ ಕತ್ತಿ ತಯಾರು ಮಾಡ್ಕೊಂಡು ಬಂದಾನ. ಅದೂ ಖರೆ! ನಾನೇ ಸಾಕ್ಷಿ. ಅವ ಹೊಂಟಾಗ ನಾ ಬಾಗಲದಾಗ ಕುಂತಿದ್ದೆ."

ಇದು ಅವಳು ಎಷ್ಟೋ ಸಲ ಹಲ್ಲು ಕಡಿಯುತ್ತ ನೆನೆದುಕೊಂಡ ಗಳಿಗೆ. ಯಾರಾದರೂ ಕೇಳಲಿ ಎಂದು ಕಾದಿದ್ದಳು, ಕೋರ್ಟಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಹೇಳು ಎಂದು ಸರ್ಕಾರಿ ವಕೀಲರು ಮೊದಲೇ ಬಾಯಿ ಕಟ್ಟಿದ್ದರು. ಈಗ ಸಿಕ್ಕಿತು ಅವಕಾಶ.

"ಬರ್ಕೋ ಇದನ್ನ. ಕತ್ತಿ ಗೋಣಿಚೀಲದಾಗ ಸುತ್ಕೊಂಡು ನನ್ನ ಮುಂದಿಂದಾನ ಹೊಂಟ. ಎಲ್ಲಿಗಲೇ ಅಂದೆ. 'ಚಿಗವ್ವಾ, ಹಂಪೇಶಪ್ಪ ಫೋನ್ ಮಾಡ್ಯಾನ, ಹೊಲದಾಗ ಕುರಿ ಕೊಯ್ಯೋದೈತಂತ. ಕ್ರಾಂತಿ ಡೂಟಿ ಮುಗಿಸಿ ಬರೋದ್ರಾಗ ಅವಂಗ ಒಂದಿಷ್ಟು ಕಾರ್ಜ ತರ್ತೀನಿ, ಹುರಿದು ಕೊಡು' ಅಂದ! ನೋಡು ರಾಕ್ಷಸನ್ನ! ನನ್ನ ಮಗನ್ನ ಕೊಯ್ಯಾಕ ಹೊಂಟವ, ನನ್ನ ಮಗಗ ಕುರಿ ಕಾರ್ಜ ತರ್ತೀನಿ ಅಂತ ನಕ್ಕೋತ ಹೋದ. ಬರ್ಕೊಂಡ್ಯಾ?… ಹಲೋ?… ಇದ್ದಿಯೇನು?"



"… ಏನು, ಇನ್ನೊಂದ್ಸಲ ಹೇಳ್ಲಾ? ಹೇಳಿದ್ನಲ್ಲ, ಕುರಿ ಕೊಯ್ಯೋದೈತಿ ಅಂತ ಕರ್ದಾರ ಅಂದ… ಹೌದು, ಅವನ ಬಾಯಿಂದಾನ… ಹೌದು, ಕ್ರಾಂತಿಗೇ ಕಾರ್ಜ…"

ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಇಷ್ಟು ದಿನ ಆ ಮಾತನ್ನು ಒಂದೇ ಕಡೆಯಿಂದ ನೋಡಿದ್ದಳು. ಮೋಸ ಮಾಡುವವನಿಗೆ ಆ ಸಂಜೆ ಕ್ರಾಂತಿಯ ಹೆಸರೆತ್ತಿ, ಕಾರ್ಜ ಹುರಿದು ಕೊಡು ಎಂದು ಹೇಳಿಹೋಗುವ ದರ್ದು ಏನಿತ್ತು? ಅವನಿಗೆ ಗೊತ್ತಿರಲಿಲ್ಲ. ಪಕ್ಕೀರಮ್ಮ ಈಗ ನಾಚಿಕೆ ಬಿಟ್ಟು ನೇರವಾಗಿ ಅವಳನ್ನೇ ನೋಡುತ್ತಿದ್ದಳು.

"… ಸರಿ, ಗೊತ್ತಿರ್ಲಿಲ್ಲ ಅಂತಾನ ಇಟ್ಕೋ! ಅಲ್ಲಿ ಹೋದ ಮ್ಯಾಲ ಗೊತ್ತಾತಲ್ಲ? ಕಟ್ಟಿದ್ದು ಕುರಿ ಅಲ್ಲ ಅಂತ ಕಣ್ಣಿಗೆ ಕಾಣ್ಸಿತಲ್ಲ? ಕತ್ತಿ ಅವನ ಕೈಯಾಗಿತ್ತಲ್ಲ? ಅದನ್ನ ಹಂಪೇಶನ ಎದಿಗೆ ಯಾಕ ಹಾಕ್ಲಿಲ್ಲ? ರಸ್ತಿಗೆ ಓಡಿ ಯಾಕ ಕೂಗ್ಲಿಲ್ಲ?… ಹಾಂ, ಸೋಮಶೇಖರನ ಕೈಯಾಗ ಕೊಡ್ಲಿ ಇತ್ತು, ಇವನೂ ಸಾಯ್ತಿದ್ದ. ಸಾಯ್ಬೇಕಿತ್ತು! ಸಕ್ಕರಿ ಹಂಚೋ ಬದ್ಲಿ ಇಬ್ರಿಗೂ ಮಣ್ಣು ಹಾಕಿ ಅಳ್ತಿದ್ದೆ."

"… ಇನ್ನೇನೈತಿ? ಇನ್ನೂ ಏನೋ ಬರದಾರ ಅಂದಿ… ಹಗ್ಗಕ್ಕ ಅದೇ ದೊಡ್ಡ ಕಾರಣನಾ? ಓದು. ಕನ್ನಡದಾಗ ಮಾಡಿ ಓದು…"

"… ನೀರಾ?"

ಶಿವಲೀಲಾಳ ಸಾಕ್ಷಿಯ ಮೇಲೆ ಜಡ್ಜ್ ಬರೆದದ್ದನ್ನು ಅಮೃತಾ ಓದುತ್ತ ಹೋದಳು. ಭುಜದಿಂದ ಜಾರುತ್ತಿದ್ದ ಫೋನನ್ನು ಬೂದಿಗೈಯಲ್ಲೇ ಹಿಡಿದುಕೊಂಡಳು. ಶಿವಲೀಲಾ ಸಾಕ್ಷಿ ಹೇಳಿದ ದಿನ ಜೋಗಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಸಾಕ್ಷಿಗಳು ಒಬ್ಬರ ಮಾತು ಒಬ್ಬರು ಕೇಳಬಾರದಂತೆ. ಅಣ್ಣಂದಿರ ವಿಷಯ ಬಂದಾಗಲೆಲ್ಲ ಆ ಹುಡುಗಿ ನೆನಪಿಲ್ಲ ಎಂದಳಂತೆ. ಈಗ ಹರಪನಹಳ್ಳಿ ಕಡೆ ಮದುವೆಯಾಗಿ ಹೋಗಿದ್ದಾಳೆ. ದುರುಗಪ್ಪನ ವಿಷಯವನ್ನು ಮಾತ್ರ ಕಂಡದ್ದು ಕಂಡಂತೆ ಹೇಳಿದ್ದಳು. ಅದೆಲ್ಲ ಇಂಗ್ಲಿಷಿನ ತೀರ್ಪಿನೊಳಗೆ ಹೋಗಿ ಕೂತಿತ್ತು. ಜೋಗಮ್ಮನಿಗೆ ತಲುಪಿದ್ದು ಗಲ್ಲು ಎಂಬ ಒಂದು ಮಾತು.

"… ಏನಂತ ಬರದಾರ? ಬಾಯಾರಿದವಂಗ ಬಾಟ್ಲಿಲೆ ನೀರು ಕುಡಿಸಿ ಆಮ್ಯಾಲ ಕೊಯ್ದಾನ, ಅದಕ್ಕ ಅವನು ಕಲ್ಲೆದೆಯವ… ಕೈ ನಡುಗಿಲ್ಲ, ಅವಸರ ಮಾಡಿಲ್ಲ, ಇಂಥವ ಬದುಕಬಾರ್ದು… ಹಂಗ ಬರದಾರಾ?"

"… ತಂಗಿ, ನೀ ಯಾವೂರಾಕಿ? ಯಾರರ ಕುರಿ ಕೊಯ್ಯೋದು ನೋಡೀಯಾ? ಇಲ್ಲಲ್ಲ. ಕೇಳು ಹಂಗಾರ."

"ದುರುಗಪ್ಪನ ಮನೆತನಕ್ಕ ಒಂದು ನೇಮ ಐತಿ. ಅವರಪ್ಪನೂ ಹಂಗ, ಇವನೂ ಹಂಗ. ಚರಗಿಯಾಗ ನೀರು ತಂದು ಕುರಿ ಬಾಯಿಗಿಟ್ಟು ಕುಡಿಸ್ದ ಹೊರ್ತು ಕತ್ತಿ ಮುಟ್ಟೋದಿಲ್ಲ. ಕುರಿ ಬಾಯಿ ತಿರುಗಿಸ್ತು ಅಂದ್ರ ಕೊಯ್ಯೋದಿಲ್ಲ. ಕತ್ತಿ ಕೆಳಗಿಟ್ಟು ಕುಂದುರ್ತಾರ, ಬೀಡಿ ಸೇದ್ತಾರ. ಮಂದಿ ಹಸದು ಬೈತಿರ್ತಾರ, ಇವರು ಅಳ್ಳಾಡೋದಿಲ್ಲ. ಅದು ಒಪ್ಪಿ ಕುಡೀಬೇಕು. ಆಮ್ಯಾಲ ಒಂದೇ ಗೀರು. ಎರಡನೇದು ಎಳದ್ರ ಅವತ್ತು ಅವರು ಉಣ್ಣೋದಿಲ್ಲ."

"ಆ ಚರಗಿ ಯಾರು ಹಿಡೀತಿದ್ರು ಗೊತ್ತೇನು?… ಕ್ರಾಂತಿ. ನನ್ನ ಮಗ ಸಣ್ಣಾವಿದ್ದಾಗ ಇವನ ಹಿಂದ ಹಿಂದ ತಿರುಗಿ ಚರಗಿ ಹಿಡೀತಿದ್ದ. 'ಅಣ್ಣಾ, ಕುಡಿಯಾಕತ್ತೈತಿ' ಅಂತ ಕೂಗ್ತಿದ್ದ. ಅವ ಕೂಗಿದ್ರ ಇವ ಕತ್ತಿ ಎತ್ತಬೇಕು."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಪಕ್ಕೀರಮ್ಮ ಮೊರ ಬಿಟ್ಟು ಎದ್ದು ಬಂದಳು, ಏನು ಮಾಡಬೇಕೆಂದು ತಿಳಿಯದೆ ಜೋಗಮ್ಮನ ಸೆರಗು ಹಿಡಿದುಕೊಂಡು ನಿಂತಳು.

"… ಅವಂಗ ಗೊತ್ತಾಗೈತಿ ತಂಗಿ. ಬಾಟ್ಲಿ ಬಾಯಿಗೆ ಬಂದಾಗ ನನ್ನ ಮಗಗ ಗೊತ್ತಾಗೈತಿ, ಮುಂದ ಏನಂತ. ಅವನ್ನ ಬಿಟ್ರ ಆ ಅಂಗಳದಾಗ ಇನ್ಯಾರಿಗೂ ಗೊತ್ತಾಗಾಕ ಸಾಧ್ಯ ಇಲ್ಲ."

"… ಒಂದು ನೋಡಿ ಹೇಳು. ಅಲ್ಲಿ ಶಿವಲೀಲಾ ಹೇಳಿದ್ದರಾಗ ನೋಡು. ನನ್ನ ಮಗ ಕುಡಿದ್ನಾ? ಬಾಯಿ ತಿರುಗಿಸಿದ್ನಾ? ಸರಿಯಾಗಿ ನೋಡು. ಬಾಯಿ ತಿರುಗಿಸಿದ ಮ್ಯಾಲೂ ಇವ ಕೊಯ್ದಿದ್ರ, ಇವ ತನ್ನ ಅಪ್ಪನ ನೇಮಕ್ಕೂ ಎರಡು ಬಗದಾನ. ಹಾಕ್ರಿ ಹಗ್ಗ, ನಾನೇ ಬಂದು ಎಳೀತೀನಿ. ನೋಡು, ಹುಡುಕು, ನಾ ಹಿಡಕೊಂಡಿರ್ತೀನಿ…"

ಆ ಕಡೆ ಹಾಳೆಗಳ ಸದ್ದು. ಈ ಕಡೆ ಶಾಲೆಯೊಳಗೆ ಮಕ್ಕಳು ಒಟ್ಟಿಗೆ ಮಗ್ಗಿ ಕೂಗುತ್ತಿದ್ದರು. ಜೋಗಮ್ಮನಿಗೆ ಬೇಕಾದ ಉತ್ತರ ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ಬಾಯಿ ತಿರುಗಿಸಿದ ಎಂದರೆ ದ್ವೇಷ ಉಳಿಯುತ್ತದೆ. ಇಷ್ಟು ದಿನ ಅವಳನ್ನು ಬೆಳಗ್ಗೆ ಎಬ್ಬಿಸಿ ನಡೆಸಿದ್ದು ಅದೇ. ಕುಡಿದ ಎಂದರೆ ಮಗ ಸಾವನ್ನು ತಾನೇ ಕೇಳಿಕೊಂಡ ಹಾಗೆ. ತಾಯಿಯಾದವಳು ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು?

"… ಹಾಂ, ಸಿಕ್ತಾ? ಓದು… ಮೊದಲು ತಲಿ ಅಳ್ಳಾಡಿಸಿದ… ಯಾರು, ಕ್ರಾಂತಿನಾ? ಬ್ಯಾಡ ಅಂದ್ನಾ?… ಆಮ್ಯಾಲ? ಇವ ಏನ್ಮಾಡಿದ?… ಬಾಟ್ಲಿ ಮುಚ್ಚಳ ಹಾಕಿದ… ಕತ್ತಿ ಕೆಳಗಿಟ್ಟ… ಪಕ್ಕದಾಗ ಕುಂತ."

"… ಕುಂತ್ನಾ? ಖರೇನ ಕುಂತ್ನಾ?… ಅವರು ಬೈದ್ರೂ ಏಳ್ಲಿಲ್ಲಾ?"

"… ಹಾಂ… ಹಂಪೇಶ ಮತ್ತ ಆ ಹಾರಿ ಕೈಗೆ ತಗೊಂಡ… ಇನ್ನೊಂದು ಮಣಕಾಲು…"

"… ನಿಲ್ಲಿಸಬ್ಯಾಡ, ಓದು. ನಾ ಕಣ್ಲೆ ನೋಡಿದ್ದು ಕಿವಿಲೆ ಕೇಳಾಕ ಹೆದರ್ತೀನೇನು? ಓದು… ಕ್ರಾಂತಿ ಇವನ ಕಡಿ ತಿರುಗಿದ. ಅಣ್ಣಾ ಅಂದ… ಹಾಂ… ತಾನಾ ಬಾಯಿ ತೆರದ."

"… ತಾನಾ ಬಾಯಿ ತೆರದ."

"… ಕುಡಿದ."

ಅವಳು ಅಳಲಿಲ್ಲ. ಬೂದಿಗೈಯನ್ನು ಹಂಡೆಯ ಮೈಗೆ ಹೊಡೆದಳು, ಮತ್ತೆ ಹೊಡೆದಳು, ಗೆಣ್ಣು ಒಡೆದು ಅಲ್ಲಿ ಕೆಂಪು ಮೂಡುವ ತನಕ ಹೊಡೆದಳು. ಪಕ್ಕೀರಮ್ಮ ಆ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ಒಳಗೆ ಮಕ್ಕಳ ಮಗ್ಗಿ ಮುಗಿಯಿತು.

"… ಇದ್ದೀನಿ, ಇದ್ದೀನಿ. ಬರ್ಕೋ ಈಗ. ಸತ್ತ ಕ್ರಾಂತಿಯ ಅವ್ವ ಜೋಗಮ್ಮ ಹೇಳ್ತಾಳಂತ ಬರಿ. ಕುರಿ ಅಂತ ಸುಳ್ಳು ಹೇಳಿ ಇವನ್ನ ಕರ್ದಾರ. ಇವ ಹೋಗೋಕ ಮುಂಚೇನ ನನ್ನ ಮಗನ್ನ ಅರ್ಧ ಕೊಂದಿದ್ರು. ಇವ ನೀರು ಕುಡಿಸಿ ಕೊಯ್ದ. ಅಷ್ಟು ಬರಿ… ಎಲ್ಲಿ, ಏನು ಬರದಿ ಓದು…"

"… ಏನದು, ಕರುಣೆಯಿಂದ? ಹೊಡಿ ಅದನ್ನ! ಅಳಿಸು! ನಾ ಅಂದೀನೇನು ಕರುಣೆ ಅಂತ? ನೀರು ಕುಡಿಸಿ ಕೊಯ್ದ. ಅದಕ್ಕ ನಿಂದೊಂದು ಮಾತು ಸೇರಸಬ್ಯಾಡ. ಕ್ಷಮಾ ಮಾಡೀನಿ ಅಂತಾನೂ ಬರೀಬ್ಯಾಡ. ನಾ ಮಾಡಿಲ್ಲ, ಮಾಡೋದೂ ಇಲ್ಲ. ಕೊಯ್ದದ್ದು ಕೊಯ್ದದ್ದ."

"ಕುರಿ ಕೊಯ್ದು ಕೇರ್ಯಾಗ ಪಾಲು ಹಾಕೋನೂ ಅವನೇ. ಒಂದು ತುಣುಕು ಹೆಚ್ಚು ಕಡಿಮಿ ಆತಂತ ಯಾರೂ ಜಗಳ ತೆಗೀಲಿಲ್ಲ. ನಿಮ್ಮ ಕೋರ್ಟು ಹಾಕಿದ ಪಾಲು ನೋಡು. ಬೆರಳು ಜಜ್ಜಿದವಂಗ ಜಾಮೀನು, ಮಣಕಾಲು ಒಡದವಂಗ ಮಿರ್ಚಿ, ಕರದ್ರ ಹೋದವಂಗ ಹಗ್ಗ… ಬರ್ಕೋ ಇದನ್ನೂ. ಹಾಕೋದಾದ್ರ ಮೂರು ಹಗ್ಗ ಹಾಕ್ರಿ. ಆಗೋದಿಲ್ಲಾಂದ್ರ ಒಂದೂ ಬ್ಯಾಡ. ನನ್ನ ಮಗನ ಹೆಸರ್ಲೆ ಒಂದು ಬ್ಯಾಡ."

"… ಹಾಂ, ಸಹಿ ಮಾಡ್ತೀನಿ. ಬಾ, ಎಲ್ಲಿ ಅಂತಿ ಅಲ್ಲಿ ಮಾಡ್ತೀನಿ… ಹಂಪೇಶನ ಹೆದ್ರಿಕಿನಾ? ಬರ್ಲಿ ಬಿಡು. ಇನ್ನೇನು ಒಡಿಯಾಕ ಐತಿ ನಂದು?"

"… ನೀ ಮತ್ತ ಯಾವಾಗ ಹೋಗ್ತಿ ಜೈಲಿಗೆ?… ನನ್ನೂ ಕರ್ಕೊಂಡು ಹೋಗು. ಬಿಡ್ತಾರಲ್ವಾ?… ಬಂದು ಮೊದಲು ಅವನ ಕಪಾಳಕ್ಕ ಹೊಡೀತೀನಿ, ಅದು ನಿಂಗೂ ಹೇಳಿರ್ತೀನಿ. ಹೊಡದ ಮ್ಯಾಲ ಕುಂತು ಕೇಳ್ತೀನಿ…"

"… ಅಲ್ಲಿತನ ತಡಕೊಳ್ಳಾಕ ಆಗೋದಿಲ್ಲ ತಂಗಿ. ನೀ ಅವನ್ನ ನೋಡಿ ಬಂದೀಯಲ್ಲ, ಅವ ಏನರ ಹೇಳ್ಯಾನೇನು? ನನ್ನ ಮಗ ಅಣ್ಣಾ ಅಂದ ಮ್ಯಾಲ ಇನ್ನೇನಂದ?… ಅವನ ಹೊಟ್ಟಿಗೆ ನೀರು ಇಳೀತಾ? ಗಂಟಲ ತುಂಬ ಹಲ್ಲಿದ್ವು… ಹಲೋ?"

"… ಹಾಂ? ಕೇಳಸ್ವಲ್ದು. ಹೇಳ್ಯಾನ ಅಂದ್ಯಾ? ಏನಂದಾನ?… ಹಲೋ… ಗುಡ್ಡದ ಕಡಿ ಸಿಗ್ನಲ್ಲು ಬರೋದಿಲ್ಲ, ಇರು, ಎದ್ದು ನಿಂತೀನಿ…"

ಜೋಗಮ್ಮ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿನ ಕಡೆಗೆ ಫೋನು ಎತ್ತಿ ಹಿಡಿದು ಓಡಿದಳು. ಹಿಂದೆ ಪಕ್ಕೀರಮ್ಮನೂ ಓಡಿದಳು.

"ಈಗ ಹೇಳು… ಎಷ್ಟು ಗುಟುಕು ಕುಡಿದ್ನಂತ? ಅದೊಂದು ಹೇಳಿ ಇಡು ತಂಗಿ… ಒಂದಾ? ಎರಡಾ?… ಹಲೋ… ಹೊಟ್ಟಿ ತುಂಬ ಕುಡಿದ್ನಾ?… ಹಲೋ…"